ಬರ, ನೆರೆ ತಾಳುವ ಭತ್ತಕ್ಕೆ ಜೀನ್ ತಿದ್ದಬೇಕೇ?

ಪರ

2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವರು ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದರ ಹೆಸರು ಪೂಸಾ ಡಿಎಸ್‌ಟಿ ರೈಸ್ 1. ರೈತರಿಗೆ ಚೆನ್ನಾಗಿ ಗೊತ್ತಿರುವ ಎಂಟಿಯು 1010 ತಳಿಯಲ್ಲಿ ಡಿಎಸ್‌ಟಿ ಎಂಬ ಜೀನ್ ಕೆಲಸ ಮಾಡದಂತೆ ತಡೆದಿದ್ದಾರೆ, ಅಷ್ಟೇ. ಆ ಜೀನ್ ಸುಮ್ಮನಾದರೆ ಎಲೆಯಲ್ಲಿ ಪತ್ರರಂಧ್ರಗಳು, ಅಂದರೆ ನೀರಾವಿ ಹೊರಹೋಗುವ ಸಣ್ಣ ತೂತುಗಳು, ಕಡಿಮೆಯಾಗುತ್ತವೆ. ನೀರು ಆವಿಯಾಗಿ ಹೋಗುವುದೂ ಕಡಿಮೆ. ಬರವನ್ನೂ ಉಪ್ಪನ್ನೂ ಗಿಡ ಜಾಸ್ತಿ ತಾಳುತ್ತದೆ.

ಬಿಟಿ ಹತ್ತಿಯಲ್ಲಿ ಬ್ಯಾಕ್ಟೀರಿಯಾದ ಜೀನ್ ಇದೆ. ಇದರಲ್ಲಿ ಅಂಥ ಹೊರಗಿನ ಜೀನ್ ಇಲ್ಲ. ಎರಡನ್ನೂ ಒಂದೇ ಅಂತ ಗಲಾಟೆ ಮಾಡುವವರು ಇದನ್ನಾದರೂ ನೋಡಬೇಕಲ್ವಾ? ಜೀನ್ ತಿದ್ದದೆ ಎರಡು ತಳಿಗಳನ್ನು ಸಂಕರ ಮಾಡಿದರೆ ಬೇಕಾದ ಗುಣದ ಜೊತೆ ಬೇಡದ್ದೂ ಬರುತ್ತದೆ. ಅದನ್ನು ತೆಗೆಯಲು ಮೂಲ ತಳಿಯ ಜೊತೆ ಮತ್ತೆ ಮತ್ತೆ ಸಂಕರ ಮಾಡಬೇಕು. ಅಷ್ಟು ಹೊತ್ತು ಮಳೆ ನಮಗಾಗಿ ಕಾಯುವುದಿಲ್ಲ.

ವಿರೋಧ

ಯಾವ ಜೀನ್ ಏನು ಮಾಡುತ್ತದೆ ಎಂದು ತಿಳಿಯುವುದು ಬೇಕು. ತಿದ್ದಲೇಬೇಕು ಅನ್ನುವುದು ಬೇರೆ ಮಾತು. ನೆರೆ ತಾಳುವ ಸ್ವರ್ಣ-ಸಬ್1 ತಳಿ ನೋಡಿ, ಅದರಲ್ಲಿ ಸಬ್1ಎ ಎಂಬ ಜೀನ್ ಇದೆ. ಸಾಮಾನ್ಯ ಭತ್ತದ ಪೈರು ಮುಳುಗಿದರೆ ನೀರಿನ ಮೇಲೆ ಬರಲು ಉದ್ದ ಬೆಳೆಯುತ್ತದೆ. ಇದ್ದ ಶಕ್ತಿಯನ್ನೆಲ್ಲ ಖರ್ಚು ಮಾಡಿ ಸಾಯುತ್ತದೆ. ಸಬ್1ಎ ಜೀನ್ ಇರುವ ಪೈರು ಬೆಳೆಯುವುದನ್ನೇ ನಿಲ್ಲಿಸಿ ತೆಪ್ಪಗಿರುತ್ತದೆ. ಎರಡು ವಾರದ ಹತ್ತಿರ ಮುಳುಗಿದ್ದರೂ ನೀರಿಳಿದ ಮೇಲೆ ಚಿಗುರುತ್ತದೆ. ಈ ಗುಣ ಬಂದಿದ್ದು ಒಡಿಶಾದ ರೈತರ ಹಳೇ ತಳಿಯಿಂದ. 2006ರಲ್ಲಿ ಆ ಜೀನ್ ಯಾವುದೆಂದು ವಿಜ್ಞಾನಿಗಳು ಪ್ರಕಟಿಸಿದರು, 2009ರಲ್ಲಿ ಸ್ವರ್ಣ-ಸಬ್1 ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಡಿಎನ್‌ಎ ಗುರುತು ನೋಡಿ ಸಸಿ ಆರಿಸಿ ಸಂಕರ ಮಾಡಿದರು. ಯಾವ ಜೀನನ್ನೂ ಕತ್ತರಿಸಲಿಲ್ಲ.

ಬರದ ಕತೆ ಇನ್ನೂ ಗೋಜಲು. ರಂಧ್ರ ಕಡಿಮೆಯಾದರೆ ನೀರು ಉಳಿಯುತ್ತದೆ, ನಿಜ. ಆದರೆ ನೀರು ಆವಿಯಾಗುವುದರಿಂದಲೇ ಎಲೆ ತಂಪಾಗುವುದು. ಬರವೂ ಬಿಸಿಗಾಳಿಯೂ ಒಟ್ಟಿಗೆ ಬಂದರೆ? ಇದನ್ನು ಹಲವು ವರ್ಷ, ಹಲವು ಕಡೆ ಬೆಳೆದೇ ನೋಡಬೇಕು. ಸರ್ಕಾರವೋ 2022ರಲ್ಲೇ ಹೊರಗಿನ ಜೀನ್ ಇಲ್ಲದ ಇಂಥ ತಳಿಗಳನ್ನು ಕುಲಾಂತರಿ ಬೆಳೆಗಳ ಬಿಗಿ ನಿಯಮಗಳಿಂದ ಹೊರಗಿಟ್ಟಿದೆ. ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದ ಮುಖ್ಯ ಪೇಟೆಂಟುಗಳು ಹೊರದೇಶದವರ ಕೈಲಿವೆ. ನಾಳೆ ಬೀಜದ ಬೆಲೆ ಯಾರು ಕಟ್ಟುತ್ತಾರೆ?

ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ನಾಟಿ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಂಡು ಬಂದಿದೆ. ಸಿಗಡಿ ಕೃಷಿ ಬಂದ ಮೇಲೆ ಅದರ ಜಾಗ ಕುಗ್ಗಿದೆ. ನಾಳೆ ಯಾವ ಜೀನ್ ತಿದ್ದಬೇಕೆಂದು ಹುಡುಕುವವರಿಗೂ ಇಂಥ ತಳಿಗಳೇ ಬೇಕು. ಲ್ಯಾಬಿಗೆ ಹೋಗುವ ದುಡ್ಡಿನಲ್ಲಿ ಒಂದು ಪಾಲು ಕಗ್ಗ ಬೆಳೆಯುವವರಿಗೆ ಕೊಡಲಿ, ಗಜನಿಯ ಒಡ್ಡು ಕಟ್ಟಿಸಲಿ.