ಏರಿಸುವ ಪುಡಿ, ಇಳಿಸುವ ಸೂಜಿ

ವಿಜಯಪುರದ ಗಾಂಧಿ ಚೌಕದ ಆಸುಪಾಸಿನ ಯಾವುದಾದರೂ ಔಷಧ ಅಂಗಡಿ ಮುಂದೆ ಸಂಜೆ ಅರ್ಧ ತಾಸು ನಿಲ್ಲಿ. ಜ್ವರ ಬಂದವರ ಚೀಲದೊಳಗೆ ಎರಡು ಸಾಮಾನು ಒಟ್ಟಿಗೇ ಬೀಳುತ್ತವೆ. ಒಂದು ಇಮ್ಯುನಿಟಿ ಬೂಸ್ಟರ್ ಪುಡಿ, ಡಬ್ಬಿ ಮೇಲೆ ಗುರಾಣಿ ಹಿಡಿದ ಹುಡುಗನ ಚಿತ್ರ. ಇನ್ನೊಂದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್‌ನ ಪುಟ್ಟ ಬಾಟಲಿ, ಪಕ್ಕದ ಗಲ್ಲಿಯಲ್ಲಿ ಚುಚ್ಚಿಸಿಕೊಳ್ಳಲಿಕ್ಕೆ. ಪುಡಿ ಇಮ್ಯುನಿಟಿ ಎಬ್ಬಿಸುತ್ತೇನೆ ಅನ್ನುತ್ತದೆ. ಸೂಜಿ ಅದನ್ನು ಮಲಗಿಸುವುದಕ್ಕೆಂದೇ ಹುಟ್ಟಿದ್ದು. ಗಿರಾಕಿಗೆ ಇದರ ಚಿಂತೆಯಿಲ್ಲ. "ಎರಡೂ ತಗೊಂಡೀವಲ್ರಿ ಅಣ್ಣಾರ, ಒಂದೀಟು ಕಡಿಮಿ ಮಾಡ್ರಿ" ಎಂಬುದಷ್ಟೇ ತಕರಾರು.

ಇಮ್ಯುನಿಟಿ ಏರುವುದೆಂದರೆ ಒಳಗೆ ಏನಾದರೂ ಏರಬೇಕಲ್ಲ? ಏರುವುದು ಸೈಟೊಕೈನ್‌ಗಳು, ಅಂದರೆ ಒಂದು ಜೀವಕೋಶ ಇನ್ನೊಂದಕ್ಕೆ ಹುಕುಂ ಕಳಿಸುವ ಸಣ್ಣ ಪ್ರೋಟೀನುಗಳು. ಸೋಂಕು ಹೊಕ್ಕ ಜಾಗದಲ್ಲಿ ಮ್ಯಾಕ್ರೊಫೇಜ್ ಎಂಬ ಕಾವಲು ಕೋಶ ಟಿಎನ್‌ಎಫ್, ಐಎಲ್-1, ಐಎಲ್-6 ಎಂಬ ಮೂರನ್ನು ಹೊರಬಿಡುತ್ತದೆ. ಟಿಎನ್‌ಎಫ್ ಅಲ್ಲಿನ ರಕ್ತನಾಳ ಹಿಗ್ಗಿಸಿ, ಒಳಗೋಡೆಯನ್ನು ಅಂಟಾಗಿಸಿ, ಬಿಳಿ ರಕ್ತಕಣಗಳು ಅಲ್ಲೇ ಇಳಿದು ಕೆಲಸಕ್ಕೆ ಹತ್ತುವಂತೆ ಮಾಡುತ್ತದೆ. ಬಾವು, ಕೆಂಪು, ಕಾವು, ನೋವು ಎಲ್ಲ ಇದರದೇ ಪ್ರಸಾದ. ಐಎಲ್-6 ಯಕೃತ್ತಿಗೆ ಹೋಗಿ ಸಿಆರ್‌ಪಿ ಎಂಬ ಉರಿಯೂತದ ಪ್ರೋಟೀನು ತಯಾರಿಸಲು ಹೇಳುತ್ತದೆ. ಮೂರೂ ಕೂಡಿ ಮಿದುಳಿನ ಹೈಪೊಥಲಾಮಸ್‌ನಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟಿಸಿ, ಮೈಶಾಖದ ಗುರಿಯನ್ನು 37ರಿಂದ 39 ಡಿಗ್ರಿಗೆ ಎತ್ತಿಡುತ್ತವೆ. ಆಗ ಮೇ ತಿಂಗಳ ವಿಜಯಪುರದಲ್ಲೂ ಮನುಷ್ಯ ಎರಡು ಕೌದಿ ಹೊದ್ದು ಗಡಗಡ ನಡುಗುತ್ತಾನೆ. ಇಮ್ಯುನಿಟಿ ಏರುವುದೆಂದರೆ ಇದೇ. ಜ್ವರದ ಜೊತೆ ಬಿಟ್ಟಿ ಬಂದಿದ್ದನ್ನು ರೊಕ್ಕ ಕೊಟ್ಟು ಮತ್ತೆ ಕೊಳ್ಳುವುದು ನಮ್ಮ ಊರಿನ ಔದಾರ್ಯ.

ಈ ಹುಕುಮಿನ ತೂಕವೂ ಗೊತ್ತಿರಲಿ. ಆರೋಗ್ಯವಂತರ 1 ಮಿ.ಲೀ. ರಕ್ತದಲ್ಲಿ ಐಎಲ್-6 ಇರುವುದು ಕೆಲವೇ ಪಿಕೊಗ್ರಾಂ. ಒಂದು ಗ್ರಾಂ ಅನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಿಕೊಗ್ರಾಂ. ಅಂಥದ್ದನ್ನು ಚಮಚೆಯಿಂದ ಅಳೆದು ಹಾಲಿನಲ್ಲಿ ಕಲಕಿ ಹದಕ್ಕೆ ತರುವ ಧೈರ್ಯ ಡಬ್ಬಿಯವರದು.

ಪುಣ್ಯಕ್ಕೆ ಪುಡಿ ಹೇಳಿದ ಹಾಗೆ ಕೆಲಸ ಮಾಡುವುದಿಲ್ಲ. ಇಮ್ಯುನಿಟಿಯನ್ನು ಖರೇನೇ ಬಡಿದೆಬ್ಬಿಸುವ ಔಷಧ ಒಂದಿತ್ತು, ಹೆಸರು ಟಿಜಿಎನ್1412. 2006ರ ಮಾರ್ಚ್‌ನಲ್ಲಿ ಲಂಡನ್‌ನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಆರು ಮಂದಿ ಆರೋಗ್ಯವಂತ ಗಂಡಸರಿಗೆ ಅದನ್ನು ಕೊಟ್ಟರು. ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡ ಪ್ರಮಾಣದ ಐನೂರನೇ ಒಂದು ಪಾಲು ಮಾತ್ರ. ಒಂದೂವರೆ ತಾಸಿನೊಳಗೆ ತಲೆನೋವು, ಬೆನ್ನುನೋವು, ಜ್ವರ ಹತ್ತಿದವು. ಒಂದು ದಿನ ಕಳೆಯುವುದರೊಳಗೆ ಆರೂ ಜನ ತೀವ್ರ ನಿಗಾ ಘಟಕದಲ್ಲಿ. ಟಿ ಕೋಶ ಎಂಬ ಬಿಳಿ ರಕ್ತಕಣಗಳೆಲ್ಲ ಒಮ್ಮೆಲೇ ಎದ್ದು ಸೈಟೊಕೈನ್ ಸುರಿದಿದ್ದವು, ಆ ಸೈಟೊಕೈನ್ ಮತ್ತಷ್ಟು ಕೋಶಗಳಿಂದ ಮತ್ತಷ್ಟನ್ನು ಸುರಿಸಿತ್ತು, ರಕ್ತನಾಳಗಳು ಸೋರಿ ಶ್ವಾಸಕೋಶ, ಕಿಡ್ನಿ ಕೈಕೊಟ್ಟಿದ್ದವು. ಆರೂ ಜನ ಬದುಕಿದರು, ಆದರೆ ಒಬ್ಬರು ಕಾಲ್ಬೆರಳು, ಕೈಬೆರಳಿನ ತುದಿ ಕಳೆದುಕೊಂಡರು. ಗುರಾಣಿ ಹುಡುಗನ ಡಬ್ಬಿ ಮೇಲೆ ಇದನ್ನು ಅಚ್ಚು ಹಾಕಿಸಲು ಜಾಗ ಸಾಲದು, ಒಪ್ಪಿಕೊಳ್ಳೋಣ.

ಇನ್ನು ಸೂಜಿ. ಬಾಟಲಿಯಲ್ಲಿ 2 ಮಿ.ಲೀ., ಮಿ.ಲೀ.ಗೆ 4 ಮಿ.ಗ್ರಾಂ ಲೆಕ್ಕದಲ್ಲಿ ಒಟ್ಟು 8 ಮಿ.ಗ್ರಾಂ ಡೆಕ್ಸಾ. ಬಲದ ಲೆಕ್ಕಕ್ಕೆ ತಂದರೆ ದೇಹ ಹತ್ತು ದಿನ ದುಡಿದು ತಯಾರಿಸುವ ಕಾರ್ಟಿಸೋಲ್, ಅಂದರೆ ಮೈಯೊಳಗಿನ ಸ್ವಂತ ಸ್ಟೀರಾಯ್ಡ್, ಒಂದೇ ಏಟಿಗೆ ಒಳಗೆ ಹೋದಂತಾಯಿತು. ಅದು ಕೋಶದೊಳಗೆ ನುಗ್ಗಿ ಐಎಲ್-1, ಐಎಲ್-6, ಟಿಎನ್‌ಎಫ್‌ಗಳ ತಯಾರಿಯನ್ನೇ ಬಂದ್ ಮಾಡಿಸುತ್ತದೆ. ಜ್ವರ ಇಳಿಯಿತು, ಮೈಕೈ ನೋವು ಹೋಯಿತು, ಸಂಜೆಗೆ ರೊಟ್ಟಿ ರುಚಿಸಿತು. "ಅವರ ಕೈಗುಣ ಭಾಳ ಛಲೋ ಐತ್ರಿ!" ಆ ಕೈಗುಣದ ಆಯುಷ್ಯ ಹೆಚ್ಚೆಂದರೆ ಎರಡು ದಿನ. ವೈರಾಣು ಎಲ್ಲಿಯೂ ಹೋಗಿಲ್ಲ, ಅದನ್ನು ಹಿಡಿಯಬೇಕಾದವರ ಕೈ ಕಟ್ಟಿದೆ ಅಷ್ಟೇ. ಮೂರನೇ ದಿನ ಜ್ವರ ಮರಳಿದರೆ ಇನ್ನೊಂದು ಸೂಜಿ, ಜೊತೆಗೆ ಹಳದಿ ಸಲಾಯಿನ್. ಅರ್ಧ ಲೀಟರ್ ನೀರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಬಣ್ಣಕ್ಕೆ ಒಂದಿಷ್ಟು ವಿಟಮಿನ್. ಬಿಳಿಯದನ್ನು ಹಚ್ಚಿದರೆ "ಬಡವರಂತ ಬಿಳೀದು ಹಚ್ಚಿದ್ರೇನ್ರಿ" ಎಂದು ಜಗಳಕ್ಕೆ ಬರುವವರಿದ್ದಾರೆ.

ಡೆಕ್ಸಾ ಕೆಟ್ಟ ಔಷಧವಲ್ಲ. 2020ರಲ್ಲಿ ಇಂಗ್ಲೆಂಡಿನ ರಿಕವರಿ ಪ್ರಯೋಗದಲ್ಲಿ ದಿನಕ್ಕೆ 6 ಮಿ.ಗ್ರಾಂನಂತೆ ಹತ್ತು ದಿನ ಕೊಟ್ಟಾಗ, ವೆಂಟಿಲೇಟರ್ ಮೇಲಿದ್ದ ಕೊರೊನಾ ರೋಗಿಗಳ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತು. ಆಕ್ಸಿಜನ್ ಬೇಡದವರಿಗೆ ಮಾತ್ರ ಏನೂ ಲಾಭವಾಗಲಿಲ್ಲ. ನಾವು ಮೊದಲಿನ ಸಾಲು ಓದಿ ಪೇಪರ್ ಮಡಿಚಿಟ್ಟೆವು. ಸಕ್ಕರೆ ಕಾಯಿಲೆಯವರಿಗೆ ಎಗ್ಗಿಲ್ಲದೆ ಸ್ಟೀರಾಯ್ಡ್ ಹೋದ ಮೇಲೆ 2021ರಲ್ಲಿ ಕಪ್ಪು ಶಿಲೀಂಧ್ರ ಬಂತು, ಕಣ್ಣು ತೆಗೆಸಿದವರನ್ನು ಈ ಸೀಮೆಯೂ ಕಂಡಿದೆ.

ತಮಾಷೆಯ ತುದಿ ಇರುವುದು ಲ್ಯಾಬಿನಲ್ಲಿ. ಸೂಜಿ ಮಾಡಿಸಿದ ಮರುದಿನ ರಕ್ತ ಕೊಟ್ಟರೆ ಬಿಳಿಕಣಗಳ ಸಂಖ್ಯೆ ಏರಿರುತ್ತದೆ. ರಕ್ತನಾಳದ ಗೋಡೆ ಹಿಡಿದು ಕೂತಿದ್ದ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳನ್ನು ಡೆಕ್ಸಾ ಬಿಡಿಸಿ ಹರಿಯುವ ರಕ್ತಕ್ಕೆ ತಳ್ಳುವುದರಿಂದ ಎಣಿಕೆ ಹೆಚ್ಚು ಬರುತ್ತದೆ. ಸೋಂಕಿನ ಜಾಗಕ್ಕೆ ಇಳಿಯುವವು ಮಾತ್ರ ಕಡಿಮೆ. ಆದರೆ ಮನೆಮಂದಿ ಓದುವುದು ಅಂಕಿಯನ್ನು. "ನೋಡ್ರಿ, ಪುಡಿ ಹತ್ತೇತಿ, ಇಮ್ಯುನಿಟಿ ಏರೇತಿ!" ಸೂಜಿಯ ಕರಾಮತ್ತಿಗೆ ಪುಡಿಗೆ ಶಹಬಾಸ್‌ಗಿರಿ, ಮತ್ತೊಂದು ಡಬ್ಬಿಗೆ ಆರ್ಡರ್.

ಇವರ ಜೊತೆ ಸಂಧಿವಾತದವರೂ ಸಾಲಿನಲ್ಲಿ ನಿಂತಿದ್ದಾರೆ. ಬೆರಳ ಗಂಟುಗಳು ಊದಿಕೊಂಡಿರುವುದು ಸ್ವಂತ ಟಿಎನ್‌ಎಫ್, ಐಎಲ್-6 ಅತಿಯಾಗಿ. ಆ ಐಎಲ್-6 ಕೂರುವ ಜಾಗ ಮುಚ್ಚುವ ಟೊಸಿಲಿಜುಮಾಬ್‌ಗೆ ಸಾವಿರಾರು ರೂಪಾಯಿ ಸುರಿಯಬೇಕು. ಟಿಎನ್‌ಎಫ್ ತಡೆಯುವ ಔಷಧವಾದರೆ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು, ಯಾಕೆಂದರೆ ಹಳೇ ಕ್ಷಯದ ಗಂಟನ್ನು ಒಡೆಯದಂತೆ ಹಿಡಿದಿಡುವುದೂ ಅದೇ ಟಿಎನ್‌ಎಫ್. ಇಷ್ಟೆಲ್ಲ ಮಾಡಿ ಇಳಿಸಿಕೊಂಡವರಿಗೂ ನೆಂಟರು ಪ್ರೀತಿಯಿಂದ ತಂದುಕೊಡುವುದು ಏರಿಸುವ ಪುಡಿಯನ್ನೇ.

ಸಾದಾ ವೈರಲ್ ಜ್ವರ ಹೆಚ್ಚಿನವರಿಗೆ ಐದಾರು ದಿನಕ್ಕೆ ಹೋಗುತ್ತದೆ. ಕೆಲಸ ಮುಗಿಯುತ್ತ ಬಂದಂತೆ ನಿಯಂತ್ರಕ ಟಿ ಕೋಶಗಳು, ಮೊದಲು ಗದ್ದಲ ಎಬ್ಬಿಸಿದ್ದ ಮ್ಯಾಕ್ರೊಫೇಜ್‌ಗಳೇ ಕೂಡ, ಐಎಲ್-10 ಎಂಬ ತಣ್ಣಗಾಗಿಸುವ ಸೈಟೊಕೈನ್ ಬಿಟ್ಟು ಉರಿಯೂತ ಆರಿಸುತ್ತವೆ. ಆ ಹೊತ್ತಿಗೆ ಚೀಲದಲ್ಲಿ ಪುಡಿ ಅರ್ಧ ಖಾಲಿಯಾಗಿರುತ್ತದೆ, ಸೂಜಿ ಎರಡಾಗಿರುತ್ತವೆ, ಸಲಾಯಿನ್ ಬಿಲ್ ಬೇರೆ. ಹರಕೆಯ ತೆಂಗಿನಕಾಯಿ ಒಡೆಯುವಾಗ ಪುಡಿಯ ಹೆಸರು ಬರುತ್ತದೆ, ಕೈಗುಣದ ಹೆಸರು ಬರುತ್ತದೆ. ಐಎಲ್-10ಗೆ ಈ ಊರಿನಲ್ಲಿ ಒಬ್ಬ ನೆಂಟನೂ ಇಲ್ಲ.