ಸ್ಪಷ್ಟನೆ: ಹೂವಿನ ರಂಗೋಲಿಗೆ 20 ಅಲ್ಲ, 40 ಕಿಲೋ ಬೇಕು

ಡೊಂಬಿವಲಿಯ ನಮ್ಮ ಕನ್ನಡ ಗ್ರೂಪಿನಲ್ಲಿ ನಿನ್ನೆ ನಾನು ಹಾಕಿದ ಲೆಕ್ಕ ತಪ್ಪು. "ಹೋದ ವರ್ಷ ರಂಗೋಲಿಯ ತ್ರಿಜ್ಯ 5 ಅಡಿ, 10 ಕಿಲೋ ಚೆಂಡುಹೂ ಹಿಡಿಯಿತು. ಈ ಸಲ 10 ಅಡಿ, 20 ಕಿಲೋ ಸಾಕು" ಎಂದು ಬರೆದಿದ್ದೆ. ಅದು ಮುಲುಂಡ್, ಠಾಣೆಯ ಗ್ರೂಪುಗಳಿಗೂ ಹೋಗಿದೆ. ಸರಿಯಾದ ಲೆಕ್ಕ 40 ಕಿಲೋ.

ತ್ರಿಜ್ಯ ಎರಡು ಪಟ್ಟಾದರೆ ಸುತ್ತಳತೆಯೂ ಎರಡು ಪಟ್ಟು: 31.4 ಅಡಿ ಇದ್ದದ್ದು 62.8 ಆಗುತ್ತದೆ. ಹಾಗಾಗಿ ಅಂಚಿನ ಮಾಲೆ ಎರಡು ಪಟ್ಟು ತಂದರೆ ಸಾಕು. ಆದರೆ ಒಳಗೆ ತುಂಬುವ ಜಾಗ 78.5 ಚದರ ಅಡಿಯಿಂದ 314ಕ್ಕೆ ಏರುತ್ತದೆ, ಅಂದರೆ ನಾಲ್ಕು ಪಟ್ಟು. ವೃತ್ತ ಉದ್ದಕ್ಕೂ ಅಗಲಕ್ಕೂ ಒಟ್ಟಿಗೇ ಬೆಳೆಯುತ್ತದೆ, ಅಲ್ವಾ? ಮಗಳ ಚೌಕುಳಿ ಪುಸ್ತಕದಲ್ಲಿ 5 ಮನೆ, 10 ಮನೆ ತ್ರಿಜ್ಯದ ಎರಡು ವೃತ್ತ ಎಳೆದು ಒಳಗಿನ ಮನೆಗಳನ್ನು ಎಣಿಸಿದೆ. ಚಿಕ್ಕದರಲ್ಲಿ ಸುಮಾರು 80, ದೊಡ್ಡದರಲ್ಲಿ 300ಕ್ಕೂ ಜಾಸ್ತಿ.

ಬರೀ ಒಂದು ಅಡಿ ಹೆಚ್ಚಿಸಿ 6 ಅಡಿ ಮಾಡಿದರೂ ಹೂವು 14 ಕಿಲೋ ದಾಟುತ್ತದೆ.

ದಾದರ್ ಹೂವಿನ ಮಾರ್ಕೆಟ್‌ಗೆ ಹೋಗುವವರು ದಯವಿಟ್ಟು ಇದನ್ನು ನೋಡಿಕೊಂಡೇ ಹೊರಡಿ. ಹಳೆಯ ಮೆಸೇಜನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.