ಜಡೆ, ಗಡ್ಡ ಮತ್ತು ಹೇನು

ಮೊನ್ನೆ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಒಬ್ಬರು ನನ್ನ ಮಗಳ ತಲೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಆಮೇಲೆ ನಗುತ್ತಾ, "ಇದು ಅಪ್ಪ ಹಾಕಿದ ಜಡೆ ಅಲ್ವಾ?" ಅಂದರು. ಹೌದು ಅಂದೆ. "ನೋಡಿದ ತಕ್ಷಣ ಗೊತ್ತಾಯ್ತು ಬಿಡಿ" ಅಂತ ಹೇಳಿ ಹೊರಟುಹೋದರು.

ಹೇಗೆ ಗೊತ್ತಾಯಿತು?

ಬೈತಲೆ ನೆಟ್ಟಗಿತ್ತು. ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ತೆಗೆದ ಬೈತಲೆ ಅದು. ಎರಡು ಜಡೆಗಳಲ್ಲಿ ಬಲಗಡೆಯದು ಒಂದು ಬೆರಳಿನಷ್ಟು ಮೇಲಿತ್ತು, ನಿಜ. ಆದರೆ ಆ ಹುಡುಗಿ ನಡೆಯುವುದೇ ತಲೆಯನ್ನು ಒಂದು ಕಡೆ ವಾಲಿಸಿಕೊಂಡು. ಅದಕ್ಕೆ ನಾನೇನು ಮಾಡಲಿ? ಅವಳಮ್ಮ ಹಾಕಿದ ಜಡೆಯೂ ಸಂಜೆ ಶಾಲೆ ಬಿಡುವ ಹೊತ್ತಿಗೆ ಹೀಗೇ ಆಗಿರುತ್ತದೆ. ಆಗ ಯಾರೂ "ಇದು ಅಮ್ಮ ಹಾಕಿದ ಜಡೆ ಅಲ್ವಾ?" ಅಂತ ಕೇಳುವುದಿಲ್ಲ. ಈ ಗುಟ್ಟೇನು ಅಂತ ಇವತ್ತು ಕಂಡುಹಿಡಿದೇ ತೀರಬೇಕು ಅಂತ ಬರೆಯಲು ಕೂತಿದ್ದೇನೆ.

ನಮ್ಮ ಮನೆಯಲ್ಲಿ ಬೆಳಗಿನ ಜಡೆ ನನ್ನ ಪಾಲಿನದು. ಹೆಂಡತಿ ನಾವಿಬ್ಬರೂ ಕಣ್ಣು ಬಿಡುವ ಮೊದಲೇ ಕೆಲಸಕ್ಕೆ ಹೋಗಿರುತ್ತಾಳೆ. ಇದರಲ್ಲಿ ತ್ಯಾಗವೂ ಇಲ್ಲ, ಕ್ರಾಂತಿಯೂ ಇಲ್ಲ. ಮನೆಯಲ್ಲಿ ಇರುವುದು ನಾನು, ಕೆದರಿದ ತಲೆ ಅವಳದು, ಗಡಿಯಾರ ಇಬ್ಬರದೂ.

ಸಿಕ್ಕು ಬಿಡಿಸುವುದಕ್ಕೆ ಒಂದು ಕ್ರಮ ಇದೆ. ಬುಡದಿಂದ ಕೆಳಗೆ ಎಳೆಯಬಾರದು. ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಬೇಕು. ಗಂಟಿನ ಮೇಲೆ, ತಲೆಯ ಕಡೆ, ಕೂದಲನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರೆ ಎಳೆತ ಬುಡಕ್ಕೆ ತಾಗುವುದಿಲ್ಲ. ಕೂದಲಿಗೆ ನೋವೇ ಆಗುವುದಿಲ್ಲ, ಅದರಲ್ಲಿ ನರವೇ ಇಲ್ಲ, ನೋವು ಇರುವುದೆಲ್ಲ ಬುಡದಲ್ಲಿ ಅಂತ ಮಗಳಿಗೆ ವಿವರಿಸಿದೆ. ಕಣ್ಣಲ್ಲಿ ನೀರು ತುಂಬಿಕೊಂಡೇ ಕೇಳಿಸಿಕೊಂಡಳು. "ಹಾಗಾದ್ರೆ ಬುಡ ಬಿಟ್ಟು ಬಾಚಪ್ಪಾ" ಅಂದಳು.

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವಂತೆ. ದಿನಕ್ಕೆ 50ರಿಂದ 100 ಉದುರುವುದು ಸಹಜವಂತೆ. ಹೊಸವು ಬರುತ್ತವೆ, ಹಳೆಯವು ಉದುರುತ್ತವೆ, ಲೆಕ್ಕ ಸರಿಹೋಗುತ್ತದೆ. ನನ್ನ ವಿಷಯದಲ್ಲಿ ಉದುರುವ ಇಲಾಖೆ ಮಾತ್ರ ನಿಯತ್ತಾಗಿ ಕೆಲಸ ಮಾಡುತ್ತಿದೆ. ತಲೆ ಕೈಬಿಟ್ಟ ಮೇಲೆ ನಾನು ಗಡ್ಡ ಬಿಟ್ಟಿದ್ದೇನೆ. ಈ ಗಡ್ಡದ ಸಂಗತಿ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಡೆ ಹೆಣೆಯುವುದು ಸುಲಭ ಅಂದುಕೊಂಡವರಿಗೆ ಹೇಳುತ್ತೇನೆ: ಎಮಿಲ್ ಆರ್ಟಿನ್ ಎಂಬ ದೊಡ್ಡ ಗಣಿತಜ್ಞರು 1925ರಲ್ಲಿ ಜಡೆಯ ಮೇಲೇ ಒಂದು ಸಿದ್ಧಾಂತ ಕಟ್ಟಿದರು. ಯಾವ ಎಳೆ ಯಾವುದರ ಮೇಲೆ ದಾಟಿತು, ಯಾವುದರ ಕೆಳಗೆ ನುಸುಳಿತು, ಇಷ್ಟೇ ಲೆಕ್ಕ. ದಾಟಿಸಿದ್ದನ್ನೆಲ್ಲ ಹಿಂದುಮುಂದಾಗಿ ದಾಟಿಸುತ್ತಾ ಬಂದರೆ ಎಂಥ ಜಡೆಯೂ ಬಿಚ್ಚಿಕೊಂಡು ನೇರ ಎಳೆಗಳಾಗಿ ನಿಲ್ಲುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಆ ಸಿದ್ಧಾಂತದಲ್ಲಿ ಎಳೆಗಳ ಎರಡೂ ತುದಿಗಳು ಅಲುಗಾಡದೆ ಕೂತಿರುತ್ತವೆ. ನನ್ನ ಎಳೆಗಳ ಒಂದು ತುದಿಯಲ್ಲಿ ತಲೆ ಇದೆ. ಕಿಟಕಿಯಾಚೆ ಬೆಕ್ಕು ಹೋದರೆ ಆ ತಲೆ ತಿರುಗುತ್ತದೆ. ನಡುವಿನ ಎಳೆ ಕೈಯಿಂದ ಜಾರುತ್ತದೆ. ಎಡಗೈಯ ಕಿರುಬೆರಳಲ್ಲಿ ಹಿಡಿದಿದ್ದ ಎಳೆ ಯಾವುದು, ಬಲಗೈಯದು ಯಾವುದು ಅಂತ ಹುಡುಕುವಷ್ಟರಲ್ಲಿ ರಬ್ಬರ್ ಬ್ಯಾಂಡ್ ಬಾಯಿಂದ ಬಿದ್ದು ಸೋಫಾದ ಕೆಳಗೆ ಸೇರಿರುತ್ತದೆ. ಆ ಸಣ್ಣ ರಬ್ಬರ್ ಬ್ಯಾಂಡುಗಳ ಬಗ್ಗೆ ನಾನು ಮಾತಾಡುವುದಿಲ್ಲ. ಮಾತಾಡಿದರೆ ಕೆಟ್ಟ ಮಾತು ಬರುತ್ತದೆ.

ಆದರೆ ಇನ್ನೊಂದು ವಿಷಯ ಮಾತಾಡಲೇಬೇಕು. ನಾನು ಜಡೆ ಹಾಕುತ್ತೇನೆ ಅಂತ ಗೊತ್ತಾದ ಕೂಡಲೇ ಜನ "ಪಾಪ" ಅನ್ನುತ್ತಾರೆ. ಯಾರು ಪಾಪ? ನಾನಾ? ಮಗುವಾ? ಕೆಲವರು "ನಿಮ್ಮ ಹೆಂಡ್ತಿ ಪುಣ್ಯ ಮಾಡಿದ್ರು" ಅನ್ನುತ್ತಾರೆ. ಅದೇ ಹೆಂಡತಿ ರಜಾದಿನಗಳಲ್ಲಿ ಇದೇ ತಲೆಗೆ ಇದೇ ಜಡೆ ಹಾಕಿದಾಗ ನನ್ನ ಪುಣ್ಯದ ಲೆಕ್ಕವನ್ನು ಯಾರೂ ತೆಗೆಯುವುದಿಲ್ಲ. ಅವಳು ಮಾಡಿದರೆ ಅದು ಜಡೆ, ನಾನು ಮಾಡಿದರೆ ಅದು ಸಾಧನೆ. ಹೋಗಲಿ, ಹೊಗಳುತ್ತಾರಲ್ಲ ಅಂತ ಸುಮ್ಮನಿರೋಣ ಅಂದರೆ, ಹೊಗಳಿದ ಬಾಯಲ್ಲೇ "ಸ್ವಲ್ಪ ಇರಿ" ಅಂತ ಮಗುವನ್ನು ಹತ್ತಿರ ಎಳೆದುಕೊಂಡು, ನಾನು ಹಾಕಿದ್ದನ್ನು ಬಿಚ್ಚಿ, ನನ್ನ ಕಣ್ಣೆದುರೇ ಮತ್ತೆ ಹೆಣೆಯುತ್ತಾರೆ. ಸರಸರ ಅಂತ. ಬೇರೆ ಯಾರೊಂದಿಗೋ ಮಾತಾಡುತ್ತಾ. ಆ ಅವಸರದಲ್ಲಿ ಎಷ್ಟು ಬಿಗಿಯುತ್ತಾರೆಂದರೆ ಮಗುವಿನ ಹುಬ್ಬು ಮೇಲಕ್ಕೆ ಹೋಗಿರುತ್ತದೆ. ಜಡೆಯನ್ನು ದಿನವೂ ಅಷ್ಟು ಬಿಗಿದು ಕಟ್ಟಿದರೆ ಹಣೆಯಂಚಿನ ಕೂದಲು ಉದುರುತ್ತದೆ ಅಂತ ಚರ್ಮದ ವೈದ್ಯರೇ ಹೇಳುತ್ತಾರೆ. ಇದನ್ನು ನಾನು ಹೇಳಿದರೆ ಹೊಟ್ಟೆಕಿಚ್ಚು ಅನ್ನಿಸಿಕೊಳ್ಳುತ್ತದೆ. ಹೊಟ್ಟೆಕಿಚ್ಚೇ ಇರಬಹುದು. ಉದುರುವುದಂತೂ ಸುಳ್ಳಲ್ಲ.

ಗೇಟಿನ ಹತ್ತಿರದವರಿಗೆ ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಹೇನಿನ ಕತೆ ಹೇಳಿಬಿಡುತ್ತೇನೆ.

ಒಂದು ದಿನ ಹೀಗೇ ಬೈತಲೆ ತೆಗೆದು ಬಾಚಣಿಗೆ ಪಕ್ಕಕ್ಕಿಟ್ಟೆ. ಆ ಬಿಳಿ ಗೆರೆಯನ್ನು ಏನೋ ಒಂದು ಅಡ್ಡ ದಾಟಿತು. ಎರಡು ಮೂರು ಮಿಲಿಮೀಟರ್ ಉದ್ದ, ಬೂದುಕಂದು ಬಣ್ಣ. ರಸ್ತೆ ದಾಟುವ ವಯಸ್ಸಾದವರ ಹಾಗೆ ನಡುವೆ ಒಮ್ಮೆ ನಿಂತಿತು, ಯೋಚಿಸಿತು, ಆಮೇಲೆ ಎಡಗಡೆಯ ಕೂದಲೊಳಗೆ ಹೊಕ್ಕಿತು. ನಾನು ಕಿರುಚಲಿಲ್ಲ. "ಏನಪ್ಪಾ?" ಅಂದಳು. "ಏನಿಲ್ಲ" ಅಂದೆ. ಕಿವಿಯ ಹಿಂದೆ ಕೂದಲು ಸರಿಸಿ ನೋಡಿದರೆ ಸೀರುಗಳ ಊರೇ ಇತ್ತು. ಹೆಣ್ಣು ಹೇನು ದಿನಕ್ಕೆ ಆರೇಳು ಮೊಟ್ಟೆ ಇಡುತ್ತದೆ. ಒಂದೊಂದನ್ನೂ ಕೂದಲಿಗೆ ಬುಡದ ಹತ್ತಿರ ಅಂಟು ಹಾಕಿ ಕೂರಿಸುತ್ತದೆ. ಆ ಅಂಟಿನ ಗಟ್ಟಿತನ ಉಗುರಿನಲ್ಲಿ ಎಳೆದು ನೋಡಿದವರಿಗೇ ಗೊತ್ತು.

ಅದೇ ವಾರ ಶಾಲೆಯಿಂದ ಸೂಚನೆ ಬಂತು. ಪೋಷಕರು ಮಕ್ಕಳ ಶುಚಿತ್ವದ ಕಡೆ ಗಮನ ಕೊಡಬೇಕು ಅಂತ. ಓದಿ ಮೈ ಉರಿಯಿತು. ಹೇನಿಗೆ ಕೊಳಕು ತಲೆ, ಶುಚಿ ತಲೆ ಎಂಬ ಭೇದ ಇಲ್ಲ. ಅದಕ್ಕೆ ಬೇಕಾದ್ದು ರಕ್ತ, ಅಷ್ಟೇ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ, ಬರೀ ತೆವಳುತ್ತದೆ. ಹೆಚ್ಚಾಗಿ ಒಂದು ತಲೆಗೆ ಇನ್ನೊಂದು ತಲೆ ತಾಗಿದಾಗಲೇ ದಾಟಿಕೊಳ್ಳುತ್ತದೆ. ಅಂದರೆ ಏನಾಯಿತು? ಒಂದೇ ಪುಸ್ತಕದ ಮೇಲೆ ಇಬ್ಬರು ಬಗ್ಗಿ ನೋಡಬೇಕು. ಕಿವಿಯಲ್ಲಿ ಗುಟ್ಟು ಹೇಳಬೇಕು. ನನ್ನ ಮಗಳಿಗೆ ಹೇನು ಬಂದಿದೆ ಅಂದರೆ ಅವಳಿಗೊಬ್ಬಳು ಗೆಳತಿ ಸಿಕ್ಕಿದ್ದಾಳೆ ಅಂತ ಅರ್ಥ. ಇದನ್ನೆಲ್ಲ ಬರೆದು ಶಾಲೆಗೆ ಉತ್ತರ ಕಳಿಸುತ್ತೇನೆ ಅಂದೆ. ಹೆಂಡತಿ ನನ್ನ ಕೈಯಿಂದ ಫೋನು ಕಿತ್ತುಕೊಂಡು ಸೀರಣಿಗೆ ಕೊಟ್ಟಳು.

ದಿಂಬು, ಹೊದಿಕೆ, ಟೋಪಿ, ಕರಡಿ ಬೊಂಬೆ ಎಲ್ಲವೂ ಬಿಸಿನೀರು ಕಂಡವು. ತಲೆ ಬಿಟ್ಟು ಕೆಳಗೆ ಬಿದ್ದ ಹೇನು ಒಂದೆರಡು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ, ಇಷ್ಟೆಲ್ಲ ಬೇಕಾಗಿಲ್ಲ ಅಂತ ಹೇಳಿ ನೋಡಿದೆ. "ಒಂದೆರಡು ದಿನ ಬದುಕತ್ತಲ್ಲ" ಅಂದಳು. ಔಷಧಿ ಹಚ್ಚಿದೆವು. ಉಳಿದ ಸೀರು ಒಡೆದು ಮರಿ ಬರಲು ವಾರ ಬೇಕು. ಹಾಗಾಗಿ ವಾರ ಕಳೆದು ಇನ್ನೊಂದು ಸಲ. ನಡುವೆ ದಿನವೂ ರಾತ್ರಿ ಒದ್ದೆ ಕೂದಲನ್ನು ಭಾಗ ಭಾಗ ಮಾಡಿ ಸೀರಣಿಗೆಯಲ್ಲಿ ಬಾಚುವುದು, ಬಾಚಿದ್ದನ್ನು ಬಿಳಿ ಕಾಗದದ ಮೇಲೆ ಒರೆಸುವುದು, ದೀಪದ ಕೆಳಗೆ ನೋಡುವುದು. ಮಗಳಿಗೆ ಈ ಕಾಗದದ ಭಾಗ ಭಾರಿ ಇಷ್ಟವಾಯಿತು. ಒಂದನ್ನು ಡಬ್ಬಿಯಲ್ಲಿ ಸಾಕುತ್ತೇನೆ ಅಂದಳು. ಆಗಲ್ಲ ಅಂದೆ. "ಹಾಗಾದ್ರೆ ಅದನ್ನ ಅದರಮ್ಮನ ಹತ್ರ ಬಿಟ್ಟುಬಿಡು" ಅಂದಳು. ಅದರ ಅಮ್ಮ ಎಲ್ಲಿದ್ದಾಳೆ ಅಂತ ಇಬ್ಬರಿಗೂ ಗೊತ್ತಿತ್ತು.

ಇಷ್ಟರಲ್ಲಿ ನನಗೂ ತುರಿಕೆ ಶುರುವಾಯಿತು. ದಿನವೂ ರಾತ್ರಿ ಒಂದೇ ದಿಂಬಿನ ಮೇಲೆ ತಲೆಗೆ ತಲೆ ಕೊಟ್ಟು ಕತೆ ಹೇಳುವವನಿಗೆ ಇನ್ನೇನಾಗುತ್ತದೆ? ಹೆಂಡತಿ ನನ್ನನ್ನು ಕೂರಿಸಿಕೊಂಡು ಟಾರ್ಚ್ ಬಿಟ್ಟು ಹುಡುಕಿದಳು. ಸಿಕ್ಕಿತು. "ಈ ತಲೇಲಿ ಅಡಗೋಕೆ ಇದಕ್ಕೆ ಜಾಗ ಎಲ್ಲಿ ಸಿಕ್ತು?" ಅಂತ ಅವಳಿಗೆ ಆಶ್ಚರ್ಯ. ಗಡ್ಡವನ್ನೂ ಬಾಚಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ದಯವಿಟ್ಟು ಇದನ್ನು ಗಮನಿಸಿ. ಗಡ್ಡದಲ್ಲಿ ಏನೂ ಇರಲಿಲ್ಲ.

ನನ್ನ ಸಂಕಟಕ್ಕೆ ಸಮಾಧಾನ ಸಿಕ್ಕಿದ್ದು ಒಂದು ಹಳೆಯ ಬಾಚಣಿಗೆಯಿಂದ. ಇಸ್ರೇಲಿನ ಲಾಕೀಶ್ ಎಂಬಲ್ಲಿ 2016ರಲ್ಲಿ ಅಗೆಯುವಾಗ ದಂತದ ಒಂದು ಬಾಚಣಿಗೆ ಸಿಕ್ಕಿತು. ಉದ್ದ ಮೂರೂವರೆ ಸೆಂಟಿಮೀಟರ್, ಅಷ್ಟೇ. ಅದರ ಮೇಲೆ ಅಕ್ಷರಗಳಿವೆ ಅಂತ ಕೂಡಲೇ ಯಾರಿಗೂ ಕಾಣಲಿಲ್ಲ. ಕಂಡ ಮೇಲೆ ಓದಿ, 2022ರಲ್ಲಿ ಪ್ರಕಟಿಸಿದರು. 17 ಅಕ್ಷರಗಳ ಒಂದು ವಾಕ್ಯ. ಸುಮಾರು ಕ್ರಿಸ್ತಪೂರ್ವ 1700ರದು. ವರ್ಣಮಾಲೆಯಲ್ಲಿ ಬರೆದ ಪೂರ್ತಿ ವಾಕ್ಯ ಅಂತ ನಮಗೆ ಸಿಕ್ಕಿರುವುದರಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಅದರಲ್ಲಿ ರಾಜನ ಹೊಗಳಿಕೆ ಇಲ್ಲ, ದೇವರ ಸ್ತೋತ್ರ ಇಲ್ಲ. "ಈ ದಂತ ಕೂದಲಿನ ಮತ್ತು ಗಡ್ಡದ ಹೇನುಗಳನ್ನು ಕಿತ್ತುಹಾಕಲಿ" ಅಂತ ಇದೆ.

ಮತ್ತೆ ಓದಿ. ಕೂದಲಿನ *ಮತ್ತು ಗಡ್ಡದ*.

ಇದನ್ನು ಬರೆಸಿದವನು ಅಪ್ಪ. ಪಂಡಿತರು ಹಾಗೆ ಹೇಳಿಲ್ಲ, ನಾನು ಹೇಳುತ್ತಿದ್ದೇನೆ. ಗಡ್ಡದವನಿಗೆ ಹೇನು ಎಲ್ಲಿಂದ ಬರಬೇಕು? ಮನೆಯಲ್ಲಿ ಒಬ್ಬಳು ಮಗಳಿದ್ದಳು, ಅವಳಿಗೊಬ್ಬಳು ಗೆಳತಿ ಇದ್ದಳು, ರಾತ್ರಿ ಹೊತ್ತು ಅವನು ಕತೆ ಹೇಳುತ್ತಿದ್ದ. ಬಾಚಣಿಗೆಯ ಒಂದು ಕಡೆ ಆರು ದಪ್ಪ ಹಲ್ಲು, ಸಿಕ್ಕು ಬಿಡಿಸಲು. ಇನ್ನೊಂದು ಕಡೆ ಹದಿನಾಲ್ಕು ಸಣ್ಣ ಹಲ್ಲು, ಹೇನು ಸೀರು ತೆಗೆಯಲು. ಹಲ್ಲುಗಳೆಲ್ಲ ಎಂದೋ ಮುರಿದುಹೋಗಿ ಬುಡ ಮಾತ್ರ ಉಳಿದಿವೆ. ಹೇಗೆ ಮುರಿದಿರಬಹುದು ಅಂತ ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಆ ಹಲ್ಲಿನ ಬುಡದಲ್ಲಿ ಹೇನಿನ ಚರ್ಮದ ಒಂದು ಚೂರೂ ಸಿಕ್ಕಿತು. ಮೂರು ಸಾವಿರದ ಏಳುನೂರು ವರ್ಷ ಬಿಡದೆ ಕಚ್ಚಿಕೊಂಡಿದೆ ನೋಡಿ. ನಾನು ಒಂದು ವಾರಕ್ಕೇ ಕಂಗಾಲಾಗಿದ್ದೆ.

ಈ ಸಂಶೋಧನೆಯನ್ನು ಹೆಂಡತಿಯ ಮುಂದಿಟ್ಟೆ. ಪೂರ್ತಿ ಕೇಳಿಸಿಕೊಂಡಳು. "ಆನೆ ದಂತದ ಬಾಚಣಿಗೆ ಅಂದ್ಮೇಲೆ ದುಡ್ಡಿನ ಮನೆ. ಗಡ್ಡ ಅವನದೇ ಇರಬಹುದು, ಬಾಚಿದ್ದು ಯಾವಳೋ ಕೆಲಸದವಳು" ಅಂದಳು. ಇದಕ್ಕೆ ಉತ್ತರ ಇದೆ. ಇನ್ನೂ ಸಿಕ್ಕಿಲ್ಲ.

ಮಗಳು ಮಾತ್ರ ನನ್ನ ಸಿದ್ಧಾಂತವನ್ನು ಪೂರ್ತಿ ಒಪ್ಪಿದಳು. ರಾತ್ರಿಯ ಕತೆಯಾಗಿ ಅದನ್ನೇ ಹೇಳು ಅಂತ ಹಟ ಹಿಡಿದಳು. ಆ ಹುಡುಗಿಯ ಹೆಸರೇನು, ಅವಳ ಗೆಳತಿ ಯಾರು, ಮುರಿದ ಹಲ್ಲು ಎಲ್ಲಿ ಬಿತ್ತು ಅಂತ ಒಂದೊಂದನ್ನೂ ಕೇಳಿ ತಿಳಿದುಕೊಂಡಳು. ಅವಳು ಈಗಷ್ಟೇ ಅಕ್ಷರ ಕೂಡಿಸಿ ಬರೆಯಲು ಕಲಿಯುತ್ತಿದ್ದಾಳೆ. ತರಗತಿಯಲ್ಲಿ ಮನೆಯವರ ಬಗ್ಗೆ ಒಂದು ವಾಕ್ಯ ಬರೆಯಿರಿ ಅಂದಿದ್ದಾರೆ. ಸಂಜೆ ಚೀಲ ತೆಗೆದು ನೋಡಿದರೆ ಕಾಪಿ ಪುಸ್ತಕದಲ್ಲಿ ಸೀಸದ ಕಡ್ಡಿ ಒತ್ತಿ ಹಿಡಿದು ದಪ್ಪ ದಪ್ಪಗೆ ಬರೆದಿದ್ದಾಳೆ: "ಅಪನ ಗಡದಲಿ ಹೇನು ಇದೆ."

ಒತ್ತಕ್ಷರ ಬಿಟ್ಟಿದ್ದಕ್ಕೆ ನನ್ನ ತಕರಾರಿಲ್ಲ, ಮುಂದೆ ಕಲಿಯುತ್ತಾಳೆ. ಗಡ್ಡದಲ್ಲಿ ಇರಲಿಲ್ಲ, ತಲೆಯಲ್ಲಿ ಇತ್ತು, ಈಗ ಎಲ್ಲೂ ಇಲ್ಲ ಅಂತ ತಿದ್ದಿಸಲು ಕೂತೆ. ಅವಳು ಪುಸ್ತಕ ಬಿಡಲಿಲ್ಲ. ಟೀಚರ್ ಒತ್ತುಗಳನ್ನಷ್ಟೇ ಕೆಂಪು ಇಂಕಿನಲ್ಲಿ ಸೇರಿಸಿ, ಪಕ್ಕದಲ್ಲಿ ದೊಡ್ಡ ರೈಟ್ ಹಾಕಿ, ಒಂದು ನಕ್ಷತ್ರವನ್ನೂ ಕೊಟ್ಟಿದ್ದರು.